ಜೇಬಿನ ಚಾಕು

ಗುಬ್ಬಿ ಎಂದೊಡನೆ ಹೊರಗಿನವರಿಗೆ 1884ರಲ್ಲಿ ಹುಟ್ಟಿದ ನಾಟಕ ಮಂಡಳಿಯೂ ವೀರಣ್ಣನವರೂ ನೆನಪಿಗೆ ಬರುತ್ತಾರೆ. ನನಗಾದರೋ ಒಂದು ಮಡಿಸುವ ಚಾಕು ನೆನಪಿಗೆ ಬರುತ್ತದೆ. ಅಷ್ಟು ಹೆಸರಾದ ಊರಿಗೆ ಇಷ್ಟು ಅಲ್ಪವಾದ ಗುರುತೇ ಎಂದು ವಾಚಕರು ನಗಬಹುದು. ನಗಲಿ. ಸಂಸಾರವನ್ನು ನಡೆಸುವುದು ಅಲ್ಪವಸ್ತುಗಳೇ ಎಂಬುದು ಗೃಹಸ್ಥರಿಗೆ ತಿಳಿಯದ ಸಂಗತಿಯಲ್ಲ.

ನಮ್ಮ ತಂದೆಯವರಿಗೆ ಗುಬ್ಬಿಯ ಬಳಿ ಸ್ವಲ್ಪ ಅಡಿಕೆ ತೆಂಗಿನ ತೋಟವಿದ್ದಿತು. ಅವರ ಚಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿಗಳ ಜೊತೆಗೆ ಒಂದು ಚಾಕುವೂ ಸದಾ ಇರುತ್ತಿದ್ದಿತು. 1966ರಲ್ಲಿ ನಾನು ಪ್ರೌಢಶಾಲೆಗೆಂದು ತುಮಕೂರಿಗೆ ಹೊರಟಾಗ, ಚನ್ನಬಸವೇಶ್ವರಸ್ವಾಮಿಯ ಜಾತ್ರೆಯಲ್ಲಿ ಕೊಂಡಿದ್ದ ಅಂಥದೇ ಇನ್ನೊಂದು ಚಾಕುವನ್ನು ನನ್ನ ಮುಂದೆ ನೆಲದ ಮೇಲಿಟ್ಟರು. ಕೈಯಿಂದ ಕೈಗೆ ಕೊಡಲಿಲ್ಲ. ಹರಿತವಾದ ಕಬ್ಬಿಣವನ್ನು ಹಾಗೆ ಕೊಟ್ಟರೆ ಕೊಟ್ಟವನಿಗೂ ಕೊಂಡವನಿಗೂ ಜಗಳವಾಗುವುದೆಂದು ನಮ್ಮ ಕಡೆಯ ನಂಬಿಕೆ.

“ತೆಗೆದುಕೋ. ಕೋಪ ಬಂದಾಗ ಮಾತ್ರ ಇದನ್ನು ಬಿಚ್ಚಬೇಡ” ಎಂದರು.

ಆ ಚಾಕು ನನ್ನ ಬಳಿ ನಲವತ್ತಾರು ವರ್ಷಗಳಿದ್ದಿತು. ಉಪಾಧ್ಯಾಯನಾದ ಮೇಲೆ ಅದರಿಂದ ನಾನು ಚೂಪುಮಾಡಿಕೊಟ್ಟ ಮಕ್ಕಳ ಪೆನ್ಸಿಲುಗಳಿಗೆ ಲೆಕ್ಕವಿಲ್ಲ. ಮಾವಿನಹಣ್ಣು ಹೆಚ್ಚಿದೆ, ಬಾಳೆಯೆಲೆ ಸೀಳಿದೆ, ಮೂಟೆಯ ಸುತ್ತಲಿ ಕತ್ತರಿಸಿದೆ. ತಂದೆಯವರು ಹೇಳಿದ ಮಾತನ್ನೂ ಪಾಲಿಸಿದೆ. ಒಂದು ದಿನದ ಹೊರತು.

ಅವರು ತೀರಿಕೊಂಡ ಮೇಲೆ ತೋಟ ಭಾಗವಾಯಿತು. 2012ರಲ್ಲಿ ಅಳತೆಯಾದಾಗ ನನ್ನ ಪಾಲಿಗೂ ತಮ್ಮನ ಪಾಲಿಗೂ ನಡುವೆ ತೆಂಗಿನ ನಾರಿನ ಹಗ್ಗವೊಂದನ್ನು ಕಟ್ಟಿದರು. ಅದು ನನ್ನ ಪಾಲಿನೊಳಕ್ಕೆ ಎರಡು ಮಾರು ಬಂದಿದೆಯೆಂದು ನನಗೆ ತೋರಿತು. ಮಾತಿಗೆ ಮಾತು ಬೆಳೆಯಿತು. ಜೇಬಿನಿಂದ ಚಾಕು ತೆಗೆದು ಬಿಚ್ಚಿ, ಹಗ್ಗವನ್ನು ಕತ್ತರಿಸಿಬಿಟ್ಟೆನು. ತಮ್ಮನು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದನು. ಸಂಜೆಯ ವೇಳೆಗೆ “ಅಣ್ಣ ತಮ್ಮನ ಮೇಲೆ ಚಾಕು ಎತ್ತಿದ” ಎಂದು ಊರೆಲ್ಲ ಹೇಳುತ್ತಿದ್ದಿತು. ನಾನು ಕತ್ತರಿಸಿದ್ದು ಹಗ್ಗವನ್ನಷ್ಟೆ ಎಂದು ಕಂಡಕಂಡವರಿಗೆಲ್ಲ ವಾದಿಸಿದೆನು. ಆದರೆ ಬಿಚ್ಚಿದ್ದು ಕೋಪದಲ್ಲಿ ಎಂಬುದು ನನಗೆ ಗೊತ್ತಿದ್ದಿತು. ಆ ರಾತ್ರಿ ಚಾಕುವನ್ನು ತೋಟದ ಬಾವಿಗೆ ಎಸೆದೆನು. ಕೆಲವು ತಿಂಗಳಲ್ಲಿ ತಮ್ಮನು ಕುಣಿಗಲ್ಲಿನಲ್ಲಿದ್ದ ಮಗನ ಮನೆಗೆ ಹೊರಟುಹೋದನು. ಹನ್ನೊಂದು ವರ್ಷ ನಾವು ಒಬ್ಬರ ಹೊಸಿಲನ್ನು ಒಬ್ಬರು ತುಳಿಯಲಿಲ್ಲ.

ಚಾಕುವಿಲ್ಲದ ಆ ವರ್ಷಗಳಲ್ಲಿ ಹಾಲಿನ ಪೊಟ್ಟಣವಾಗಲಿ ದಾರದ ಗಂಟಾಗಲಿ ಹಲ್ಲಿನಿಂದಲೇ ಬಿಚ್ಚುವ ಅಭ್ಯಾಸ ನನಗಾಯಿತು. ಮುಂದಿನ ಹಲ್ಲೊಂದು ಮುರಿದು ಅದನ್ನು ಕಟ್ಟಿಸಬೇಕಾಗಿ ಬಂದಾಗ ನನ್ನ ಮನೆಯವಳು, “ಈ ಹಣಕ್ಕೆ ಚಾಕುವಿನ ಅಂಗಡಿಯನ್ನೇ ಇಡಬಹುದಾಗಿತ್ತು” ಎಂದಳು. ಆ ಮಾತಿನಲ್ಲಿ ಉತ್ಪ್ರೇಕ್ಷೆಯಿದ್ದರೂ ನ್ಯಾಯವಿದ್ದಿತು. ಪೇಟೆಗೆ ಹೋಗಿ ಅರುವತ್ತು ರೂಪಾಯಿಗೆ ಒಂದನ್ನು ಕೊಂಡುತಂದೆನು. ಹಿಡಿ ಥಳಥಳ ಹೊಳೆಯುತ್ತಿದ್ದಿತು. ಅಲಗು ಕಾಗದವನ್ನು ಸರ್ರನೆ ಸೀಳಿತು. ಮೂರನೆಯ ದಿನ ಆಕೆ ಅದರ ಮೊನೆಯಿಂದ ತೆಂಗಿನಕಾಯಿಯ ಜುಟ್ಟನ್ನು ಕೆದಕುತ್ತಿದ್ದಾಗ ಅಲಗು ಹಿಂದಕ್ಕೆ ಮಡಿಸಿಕೊಂಡು ತೋರುಬೆರಳಿನ ಮೇಲೆ ಬಿದ್ದಿತು. ಎರಡು ಹೊಲಿಗೆ ಹಾಕಿಸಬೇಕಾಯಿತು. ಅಗ್ಗದ ಕೊಳ್ಳಿಕೆಯ ನಿಜವಾದ ಬೆಲೆ ಅಂಗಡಿಯಲ್ಲಿ ತಿಳಿಯುವುದಿಲ್ಲ.

ನಮ್ಮ ಬೀದಿಗೆ ಬೈಸಿಕಲ್ಲಿನ ಮೇಲೆ ಸಾಣೆಯ ಚಕ್ರವನ್ನಿಟ್ಟುಕೊಂಡು ಬರುವ ಮುದುಕನೊಬ್ಬನಿಗೆ ಅದನ್ನು ತೋರಿಸಿದೆನು. ಅವನು ಒಮ್ಮೆ ಬಿಚ್ಚಿ, ಒಮ್ಮೆ ಮಡಿಸಿ, ಹಿಂದಕ್ಕೆ ಕೊಟ್ಟನು. “ಮೇಷ್ಟ್ರೇ, ಬಾಯಿ ನೋಡಿ ಕೊಂಡಿದ್ದೀರಿ, ಬೆನ್ನು ನೋಡಲಿಲ್ಲ” ಎಂದನು.

ಆ ಬೆನ್ನಿನ ಶಾಸ್ತ್ರವನ್ನು ಅವನಿಂದಲೂ, ಆಮೇಲೆ ಓದಿ ವಿಚಾರಿಸಿಯೂ, ನಾನು ಕಲಿತಷ್ಟನ್ನು ಇಲ್ಲಿ ಹೇಳುತ್ತೇನೆ.

ಹಳೆಯ ಬಗೆಯ ಚಾಕುವಿನ ಅಲಗನ್ನು ಹಿಡಿಯ ಬೆನ್ನಿನಲ್ಲಿರುವ ಉಕ್ಕಿನ ಪಟ್ಟಿಯ ಬಿಗುವೊಂದೇ ತಡೆದಿರುತ್ತದೆ. ಆ ಪಟ್ಟಿ ಮೆತ್ತಗಾದರೆ ಅಲಗು ಬೆರಳಿನ ಮೇಲೆ ಬೀಳುವುದು. ಆದುದರಿಂದ ಹಲವರ ಕೈ ತಾಗುವ ಮನೆಗೆ, ಬಿಚ್ಚಿದೊಡನೆ ಭದ್ರವಾಗಿ ನಿಂತುಕೊಳ್ಳುವ ಬಗೆಯೇ ಲೇಸು. ಕೆಲವದರಲ್ಲಿ ಹಿಡಿಯೊಳಗಿನ ತಗಡೊಂದು ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಫ್ರಾನ್ಸಿನ ಸವೊಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬಾತನು 1890ರಲ್ಲಿ ರೈತರಿಗಾಗಿ ಮಾಡಿದ ಮರದ ಹಿಡಿಯ ಚಾಕುವಿಗೆ 1955ರಿಂದ ತಿರುಗಿಸುವ ಬಳೆಯೊಂದನ್ನು ಸೇರಿಸಿದ್ದಾರೆ. ಬಳೆ ತಿರುಗಿಸಿದರೆ ಅಲಗು ಅಲುಗದು. ಅಂಗಡಿಯಲ್ಲಿಯೇ ಚಾಕುವನ್ನು ಬಿಚ್ಚಿ, ಬೆರಳುಗಳನ್ನು ದಾರಿಯಿಂದ ದೂರವಿಟ್ಟು, ಅಲಗಿನ ಬೆನ್ನನ್ನು ಮೆಲ್ಲನೆ ಒತ್ತಿ ನೋಡಬೇಕು. ಅಲಗು ಪಕ್ಕಕ್ಕೆ ಅಲ್ಲಾಡಬಾರದು. ಮಡಿಸಿದಾಗ ಹಿಡಿಯ ಸಂದಿನ ನಟ್ಟನಡುವೆ ಕುಳಿತಿರಬೇಕು.

ಎರಡನೆಯದು ಉಕ್ಕು. ಹಳೆಯ ಕಾಲದ ಉಕ್ಕು ಸಾಣೆಗೆ ಸುಲಭವಾಗಿ ಬಗ್ಗಿ ಬಹಳ ಹರಿತವಾಗುತ್ತದೆ. ಆದರೆ ನಿಂಬೆಯ ಹುಳಿಗೂ ಹಸಿ ಅಡಿಕೆಯ ಒಗರಿಗೂ ಕಪ್ಪಾಗುತ್ತದೆ, ಒದ್ದೆಯಾಗಿ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಇಂಗ್ಲೆಂಡಿನ ಷೆಫೀಲ್ಡ್ ಪಟ್ಟಣದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತನು 1913ರಲ್ಲಿ ಕ್ರೋಮಿಯಂ ಬೆರೆಸಿ ಎರಕಹೊಯ್ದ ತುಕ್ಕು ಹಿಡಿಯದ ಉಕ್ಕು ಈ ಕಷ್ಟವನ್ನು ಬಹುಮಟ್ಟಿಗೆ ನೀಗಿತು. ಒರಸಿ, ಒಂದು ತೊಟ್ಟು ಕೊಬ್ಬರಿಯೆಣ್ಣೆ ಸವರಿ ಇಡುವ ತಾಳ್ಮೆಯುಳ್ಳವರು ಹಳೆಯ ಉಕ್ಕನ್ನೇ ಕೊಳ್ಳಲಿ. ಮಿಕ್ಕವರಿಗೆ ತುಕ್ಕು ಹಿಡಿಯದ್ದೇ ತಕ್ಕುದು.

ಮೂರನೆಯದು ಅಳತೆ. ಎರಡೂವರೆ ಮೂರು ಅಂಗುಲದ ಅಲಗಿಗಿಂತ ದೊಡ್ಡದು ಗೃಹಸ್ಥನಿಗೆ ಬೇಡ. ಗುಂಡಿ ಒತ್ತಿದರೆ ಚಿಮ್ಮುವ ಚಾಕುಗಳನ್ನೂ, ಹಳೆಯ ಹಿಂದಿ ಚಿತ್ರಗಳಲ್ಲಿ ಕಾಣುವ ರಾಂಪುರದ ಉದ್ದ ಚಾಕುಗಳನ್ನೂ ನೋಡಿ ಬೆರಗಾಗಬಹುದೇ ಹೊರತು ಹಣ್ಣು ಹೆಚ್ಚಲು ಒಯ್ಯಬೇಕಾಗಿಲ್ಲ. ಕತ್ತರಿ, ಬಿರಡೆ ಕೀಳುವ ಸುರುಳಿ ಮೊದಲಾದ ಹತ್ತು ಉಪಕರಣಗಳುಳ್ಳ ಸ್ವಿಟ್ಜರ್ಲೆಂಡಿನ ಚಾಕು ಉತ್ತಮವೇ, ಆದರೆ ಬೆಲೆ ಹೆಚ್ಚು. ಅದರ ಅಗ್ಗದ ಅನುಕರಣೆಗಳಲ್ಲಿ ಹತ್ತೂ ಕೆಟ್ಟಿರುವ ಸಂಭವವುಂಟು. ಕಡಿಮೆ ಹಣವಿದ್ದಾಗ ಒಂದೇ ಅಲಗನ್ನು ಕೊಂಡು, ಉಳಿದ ಹಣಕ್ಕೆ ಒಂದು ಸಾಣೆಕಲ್ಲನ್ನು ಕೊಳ್ಳುವುದು ಜಾಣತನ. ಮಸೆಯುವ ಓರೆಗೆ ಒಂದು ಉಪಾಯವಿದೆ: ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅರ್ಧಕ್ಕೆ ಬಾಗಿಸಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡಿದರೆ ಹೆಚ್ಚು ಕಡಮೆ ಸರಿಹೋಗುತ್ತದೆ. ಮೊಂಡು ಚಾಕುವೇ ಹೆಚ್ಚು ಅಪಾಯಕರ. ಅದಕ್ಕೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗ ಕೈ ಜಾರುತ್ತದೆ. ವಿಮಾನದಲ್ಲಿ ಹೋಗುವವರು ಕೈಚೀಲದಲ್ಲಿ ಚಾಕುವನ್ನಿಟ್ಟುಕೊಳ್ಳದಿರಲಿ. ಅಲ್ಲಿ ಅದಕ್ಕೆ ಅನುಮತಿಯಿಲ್ಲ.

ಈ ವಿವೇಕವನ್ನೆಲ್ಲ ಮೂಟೆಕಟ್ಟಿಕೊಂಡು ಎರಡನೆಯ ಸಾರಿ ಪೇಟೆಗೆ ಹೋಗಿ, ಮುನ್ನೂರೈವತ್ತು ರೂಪಾಯಿಗೆ ಮರದ ಹಿಡಿಯ, ಭದ್ರವಾಗಿ ನಿಲ್ಲುವ ಒಂದು ಚಾಕುವನ್ನು ತಂದೆನು. ಅಂಗಡಿಯವನು ಬೇಸತ್ತು ಬೇರೆ ಗಿರಾಕಿಯ ಕಡೆ ತಿರುಗುವವರೆಗೂ ಪರೀಕ್ಷಿಸಿದೆನೆಂದು ಒಪ್ಪಿಕೊಳ್ಳುತ್ತೇನೆ.

ಅದೇ ವರ್ಷ, ಎಂದರೆ 2023ರಲ್ಲಿ, ತಮ್ಮನಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತೆಂದು ಅವನ ಮಗ ಫೋನು ಮಾಡಿದನು. “ದೊಡ್ಡಪ್ಪ, ನೀವು ಬಂದರೆ ಅಪ್ಪ ಬೇಡವೆನ್ನುವುದಿಲ್ಲ” ಎಂದನು. ಬಾ ಎನ್ನುವುದಕ್ಕೂ ಬೇಡವೆನ್ನದಿರುವುದಕ್ಕೂ ಅಂತರವುಂಟು. ಆದರೂ ಮರುದಿನವೇ ಕುಣಿಗಲ್ಲಿನ ಬಸ್ಸು ಹತ್ತಿದೆನು. ಕೆರೆಯ ಏರಿ ಕಣ್ಣಿಗೆ ಬಿದ್ದಾಗ ಹಿಂದಕ್ಕೆ ಹೋಗಿಬಿಡಲೇ ಎನ್ನಿಸಿತು.

ತಮ್ಮನು ಹಿತ್ತಿಲಲ್ಲಿ ಕುಳಿತಿದ್ದನು. “ಬಾ ಅಣ್ಣ” ಎಂದನು, ಮತ್ತೇನೂ ಆಡಲಿಲ್ಲ. ಅವನ ಮುಂದೆ ಒಂದು ಹಲಸಿನ ಕಸಿಸಸಿಯಿದ್ದಿತು. ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಮರದಿಂದ ಬಂದ, ಹಿರೇಹಳ್ಳಿಯ ತೋಟಗಾರಿಕಾ ಕೇಂದ್ರದವರು ಗುರುತಿಸಿ ಹರಡಿದ, ಕೆಂಪು ತೊಳೆಯ ‘ಸಿದ್ದು’ ಹಲಸು ಅದು. ಬೀಜದಿಂದ ಬೆಳೆಸಿದರೆ ತಾಯಿಯ ಗುಣವೇ ಬರುವುದೆಂಬ ನೆಚ್ಚಿಕೆಯಿಲ್ಲವಾದುದರಿಂದ ಅದನ್ನು ಕಸಿಮಾಡಿಯೇ ಬೆಳೆಸುತ್ತಾರೆ. ಬೆಸುಗೆ ಕೂಡಿಕೊಂಡಿದ್ದರೂ ಮೇಲೆ ಸುತ್ತಿದ್ದ ಪ್ಲಾಸ್ಟಿಕ್ಕಿನ ಪಟ್ಟಿಯನ್ನು ಯಾರೂ ಬಿಚ್ಚಿರಲಿಲ್ಲ. ಅದು ತೊಗಟೆಯನ್ನು ಕೊರೆಯತೊಡಗಿದ್ದಿತು. ತಮ್ಮನು ಮಂಜು ಕವಿದ ಕಣ್ಣಿನಿಂದ ನೋಡುತ್ತ, ಉಗುರಿನಿಂದ ಅದನ್ನು ಕೀಳಲು ಹೆಣಗುತ್ತಿದ್ದನು.

ನನ್ನ ಕೈ ಜೇಬಿಗೆ ಹೋಯಿತು, ಅಲ್ಲಿಯೇ ನಿಂತಿತು. ಅವನು ನನ್ನ ಕೈಯಲ್ಲಿ ಕಡೆಯ ಸಾರಿ ಚಾಕು ಕಂಡದ್ದು ಎಂದೆಂಬುದು ಇಬ್ಬರಿಗೂ ತಿಳಿದಿದ್ದಿತು. ಕೊನೆಗೆ ಮಡಿಸಿದಂತೆಯೇ ಅದನ್ನು ತೆಗೆದು, ಅವನ ಮುಂದೆ ನೆಲದ ಮೇಲಿಟ್ಟೆನು. “ಅಂದು ನಾನು ಹಾಗೆ ಮಾಡಬಾರದಾಗಿತ್ತು” ಎಂದೆನು. ಹನ್ನೊಂದು ವರ್ಷ ಯಾರಿಗೂ ಹೇಳದಿದ್ದ ಮಾತು ಅದು.

ಅವನು ಉತ್ತರ ಕೊಡಲಿಲ್ಲ. ಚಾಕುವನ್ನು ಎತ್ತಿಕೊಂಡು ಬಿಚ್ಚಿ, ಮೊನೆಯಿಂದ ಪಟ್ಟಿಯನ್ನು ಮೆಲ್ಲಗೆ ಸೀಳಿ ತೆಗೆದನು. ತೊಗಟೆಗೆ ಗಾಯವಾಗಲಿಲ್ಲ. ಅಲಗನ್ನು ಪಂಚೆಯ ಅಂಚಿಗೆ ಒರಸಿ, ಮಡಿಸಿ, ನನ್ನ ಕಡೆಗೆ ಕೈ ನೀಡಿದನು.

“ಕೆಳಗಿಡಪ್ಪ, ಕೈಗೆ ಕೊಡಬಾರದು” ಎಂದೆನು.

“ತೆಗೆದುಕೋ ಅಣ್ಣ. ಆಗಬೇಕಾದ ಜಗಳವೆಲ್ಲ ಆಗಿಹೋಗಿದೆ” ಎಂದನು.

ಅವನ ಕೈಯಿಂದಲೇ ತೆಗೆದುಕೊಂಡೆನು. ಒಳಗಿನಿಂದ ಊಟಕ್ಕೆ ಕರೆ ಬಂದಿತು.