ಸಂಸ್ಥಾನದ ಸಿಕ್ಕಾ

ನಾರಾಯಣಪೇಟೆ, ಗದ್ವಾಲ ಎರಡೂ ಊರುಗಳಲ್ಲಿ ಒಂದು ಕಾಲಕ್ಕೆ ಬೆಳ್ಳಿ ರೂಪಾಯಿ ಅಚ್ಚಾಗುತ್ತಿತ್ತು. ನಿಜಾಮರ ಅಧೀನದ ಸಂಸ್ಥಾನಗಳ ಕಾಲದ ಈ ಸಿಕ್ಕಾಗಳು ಮೊಗಲ್ ಮಾದರಿಯವು, ಅಕ್ಷರ ಪಾರಸಿ. ನಾರಾಯಣಪೇಟೆಯ ಟಂಕಸಾಲೆಗೆ ನಾಣ್ಯದ ಮೇಲೆ ದಿಲ್‌ಶಾದಾಬಾದ್ ಎಂಬ ಹೆಸರು. ಆ ಹೆಸರನ್ನು ಓದಬಲ್ಲವನಿಗೆ ಮಾತ್ರ ಆ ರೂಪಾಯಿ ತನ್ನ ಊರನ್ನು ಹೇಳುತ್ತದೆ.

ಓದುವುದೇ ಕಷ್ಟ. ಬೆಳ್ಳಿಯ ಬಿಲ್ಲೆಯನ್ನು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅಚ್ಚು ಬಿಲ್ಲೆಗಿಂತ ಅಗಲ. ಹಾಗಾಗಿ ಬರಹದ ಒಂದು ಭಾಗವಷ್ಟೇ ನಾಣ್ಯಕ್ಕೆ ಇಳಿಯುತ್ತಿತ್ತು. ಟಂಕಸಾಲೆಯ ಹೆಸರು, ಇಸವಿ ಎರಡೂ ಪೂರ್ತಿ ಬಿದ್ದ ನಾಣ್ಯ ಸಿಗುವುದು ಅಪರೂಪ. ಸಂಗ್ರಾಹಕರು ಹೆಚ್ಚು ಹಣ ಕೊಡುವುದು ಅದಕ್ಕೇ. ತೂಕದಲ್ಲಿ ಸಮನಾದ ಎರಡು ರೂಪಾಯಿಗಳಲ್ಲಿ ಒಂದು ಬೆಳ್ಳಿಯ ಬೆಲೆಗೆ ಹೋದರೆ, ಹೆಸರು ಉಳಿದ ಇನ್ನೊಂದು ಅದರ ಹಲವು ಪಟ್ಟು ತರುತ್ತದೆ.

ಹೈದರಾಬಾದಿನ ಚಾರ್‌ಮಿನಾರ್ ರೂಪಾಯಿಯ ಲೆಕ್ಕ ಬೇರೆ. 20ನೆಯ ಶತಮಾನದ ಆರಂಭದಲ್ಲಿ ಯಂತ್ರದಿಂದ ಅಚ್ಚಾದ ಈ ನಾಣ್ಯ ರಾಶಿರಾಶಿಯಾಗಿ ಹೊರಬಿತ್ತು; ಇವತ್ತಿಗೂ ಸುಲಭವಾಗಿ ಸಿಗುತ್ತದೆ. ಅಲ್ಲಿ ಬೆಲೆ ನಿಲ್ಲುವುದು ಸಣ್ಣ ಗುರುತಿನ ಮೇಲೆ. ಚಾರ್‌ಮಿನಾರಿನ ಬಾಗಿಲಲ್ಲಿ ನಿಜಾಮ ಮಹಬೂಬ್ ಅಲಿ ಖಾನರಿಗೆ ‘ಮೀಮ್’, 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರಿಗೆ ‘ಐನ್’ ಅಕ್ಷರವಿದೆ. ಉಸ್ಮಾನರ ಮೊದಲ ನಾಣ್ಯಗಳಲ್ಲಿ ಈ ಐನ್ ಅರ್ಧ ರೂಪದಲ್ಲಿದ್ದು, ಆಮೇಲೆ ಪೂರ್ತಿಯಾಯಿತು. ಬಲ್ಲವರು ಭೂತಗನ್ನಡಿ ಹಿಡಿದು ಹುಡುಕುವುದು ಆ ಅರ್ಧ ಅಕ್ಷರವನ್ನು.

ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರ ಹಳೆಯ ಕಾರ್ಡು ಕೂಡಿಡುವವರೂ ಇದೇ ಎರಡನ್ನು ನೋಡುತ್ತಾರೆ: ಎಷ್ಟು ಉಳಿದಿವೆ, ಹೇಗೆ ಉಳಿದಿವೆ. 1909ರಿಂದ 1911ರವರೆಗೆ ಸಿಗರೇಟು ಪೊಟ್ಟಣದೊಡನೆ ಬಂದ ಸರಣಿಯಲ್ಲಿ ಹೋನಸ್ ವ್ಯಾಗ್ನರ್ ಕಾರ್ಡಿನ ಮುದ್ರಣ ಬೇಗ ನಿಂತಿತು, ಅದು ದುರ್ಲಭವಾಯಿತು. 1952ರ ಮಿಕ್ಕಿ ಮ್ಯಾಂಟಲ್ ಕಾರ್ಡೊಂದು ಮೂಲೆ ಸವೆಯದೆ ಉಳಿದುದರಿಂದ 2022ರಲ್ಲಿ 1.26 ಕೋಟಿ ಡಾಲರಿಗೆ ಮಾರಾಟವಾಯಿತು.

ಮಕ್ತಲ, ನಾರಾಯಣಪೇಟೆ ಕಡೆಯ ಮನೆಗಳಲ್ಲಿ ಹಳೆಯ ರೂಪಾಯಿ ಉಳಿದಿದ್ದರೆ ಅದಕ್ಕೆ ಲಕ್ಷ್ಮೀಪೂಜೆಯ ತಟ್ಟೆ ಕಾರಣ. ಕೆಡುವುದೂ ಮನೆಯಲ್ಲೇ. ಸರಕ್ಕೆ ಕೊಂಡಿ ಬೆಸೆದದ್ದು, ಶರಾಫರು ಪರೀಕ್ಷೆಗೆ ಒತ್ತಿದ ಮುದ್ರೆ, ಹುಣಸೆಹಣ್ಣು ಹಚ್ಚಿ ಬೆಳಗಿದ್ದು, ಮೂರೂ ಬೆಲೆಯನ್ನು ಇಳಿಸುತ್ತವೆ. ಕಾಲ ಕೊಟ್ಟ ಕಪ್ಪು ನಾಣ್ಯದ ಸ್ವಂತ ಬಣ್ಣ. ಅದು ಹೋದರೆ ಮರಳಿ ಬರುವುದಿಲ್ಲ.

ದೊಡ್ಡ ನಷ್ಟ ಆಗಿರುವುದು ಪತ್ತಾರನ ಮೂಸೆಯಲ್ಲಿ. ಬೆಳ್ಳಿಯ ದರ ಏರಿದಾಗಲೆಲ್ಲ ಹಳೆಯ ಸಿಕ್ಕಾ ಕಾಲ್ಗೆಜ್ಜೆಯಾಗಿದೆ, ಕುಂಕುಮದ ಬಟ್ಟಲಾಗಿದೆ. ಈ ಎರಡು ಊರುಗಳಲ್ಲಿ ಟಂಕಸಾಲೆ ಇತ್ತೆಂಬುದಕ್ಕೆ ನಾಣ್ಯಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ. ಕರಗಿದ ಪ್ರತಿಯೊಂದು ರೂಪಾಯಿಯ ಜೊತೆ ಆ ಸಾಕ್ಷಿಯೂ ಅಷ್ಟು ಕಡಿಮೆಯಾಗಿದೆ.

ಹೊಲ ಉಳುವಾಗ, ಗೋಡೆ ಕೆಡವುವಾಗ ಸಿಕ್ಕ ನಾಣ್ಯದ ಗಂಟಿಗೆ 1878ರ ನಿಧಿ ಕಾಯಿದೆ ಅನ್ವಯಿಸುತ್ತದೆ. ಅದನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಮನೆಯ ಪೆಟ್ಟಿಗೆಯಲ್ಲೇ ಇರುವ ಹಳೆಯ ರೂಪಾಯಿಯನ್ನು ಉಜ್ಜಬೇಡಿ. ಪತ್ತಾರನ ಕೈಗೆ ಕೊಡುವ ಮೊದಲು ಪಾರಸಿ ಬಲ್ಲವರಿಂದ ಒಮ್ಮೆ ಓದಿಸಿ.