ಕಾಲು ತೊಳೆಯುವ ಹೊತ್ತು

ನಮ್ಮ ಅಜ್ಜನಿಗೆ ಸಕ್ಕರೆ ಕಾಯಿಲೆ ಇತ್ತು. ಮಂಗಳೂರಿನ ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಕುಟುಂಬ ಪ್ರಾರ್ಥನೆ. ಅದಕ್ಕೆ ಮೊದಲು ಅಜ್ಜನ ಕಾಲು ತೊಳೆಯುವುದು ನನ್ನ ಪಾಲಿನ ಕೆಲಸ. ಡಾಕ್ಟರು ಹೇಳಿದ ಕ್ರಮವನ್ನು ಅಜ್ಜಿ ನನಗೆ ಕಲಿಸಿಕೊಟ್ಟಿದ್ದರು. ನೀರು ಉಗುರುಬೆಚ್ಚಗಿರಬೇಕು, ಮೊಣಕೈ ತಾಗಿಸಿ ನೋಡಬೇಕು. ಕಾಲನ್ನು ಹೆಚ್ಚು ಹೊತ್ತು ನೆನೆಸಿಡಬಾರದು. ಹಳೆಯ ಪಂಚೆಯ ಮೆತ್ತನೆಯ ತುಂಡಿನಿಂದ ಬೆರಳ ಸಂದಿಗಳನ್ನು ಒಂದೊಂದಾಗಿ ಒತ್ತಿ ಒರೆಸಬೇಕು. ಕೊನೆಗೆ ಟಾರ್ಚು ಹಾಕಿ ಅಂಗಾಲು ನೋಡಬೇಕು. ಈ ಕಾಯಿಲೆ ಹಳತಾದಂತೆ ಪಾದದ ನರಗಳು ಜಡವಾಗುತ್ತವೆ. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ನೋವು ಹೇಳದ್ದನ್ನು ಕಣ್ಣೇ ಕಂಡು ಹೇಳಬೇಕು.

ಒಂದು ವರ್ಷ ಶುಭ ಶುಕ್ರವಾರದ ಮುನ್ನಾದಿನ ಅಜ್ಜ ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯ ಓದಿದರು. ಕಡೆಯ ಊಟದ ರಾತ್ರಿ ಯೇಸು ಎದ್ದು, ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು, ಬೋಗುಣಿಗೆ ನೀರು ಹಾಕಿ ಶಿಷ್ಯರ ಕಾಲು ತೊಳೆಯುತ್ತಾನೆ. ಗುರುವಿನ ಪಾದ ಮುಟ್ಟುವ ನಾಡಿನವರು ನಾವು. ಇಲ್ಲಿ ಗುರುವೇ ಬಗ್ಗಿ ಶಿಷ್ಯರ ಪಾದ ಹಿಡಿದಿದ್ದಾನೆ. ಒಬ್ಬರನ್ನೊಬ್ಬರು ಪ್ರೀತಿಸಬೇಕೆಂಬ ಹೊಸ ಆಜ್ಞೆ ಬರುವುದೂ ಅದೇ ರಾತ್ರಿ, ಅದೇ ಅಧ್ಯಾಯದಲ್ಲಿ. ನನಗೊಂದು ಸಂಶಯ ಹುಟ್ಟಿತು.

“ಅಜ್ಜೀ, ಪ್ರೀತಿ ಮಾಡು ಅಂತ ಆಜ್ಞೆ ಕೊಡ್ಲಿಕ್ಕೆ ಆಗ್ತದಾ? ಅದು ತಾನಾಗಿ ಬರಬೇಕಲ್ವಾ?”

ಅಜ್ಜಿ ನನ್ನ ಮುಖ ನೋಡಿದರು. “ನಾಳೆಯೂ ಅಜ್ಜನ ಕಾಲಿಗೆ ನೀರು ಕೊಂಡುಹೋಗು. ನಾಡಿದ್ದೂ ಕೊಂಡುಹೋಗು. ಆಮೇಲೆ ಗೊತ್ತಾಗ್ತದೆ.”

ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಪರೀಕ್ಷೆಯ ಸಮಯ. ಎರಡು ಸಂಜೆ ನೀರು ಹಾಕಿ, ಒರೆಸಿ, ಟಾರ್ಚು ಹಾಕದೆಯೇ “ನೋಡಿದೆ, ಏನೂ ಇಲ್ಲ” ಎಂದು ಎದ್ದುಬಿಟ್ಟೆ. ಮೂರನೆಯ ಸಂಜೆ ಬೆಳಕು ಹಾಯಿಸಿದಾಗ ಹೆಬ್ಬೆರಳ ಬುಡದಲ್ಲಿ ಕಡಲೆ ಬೇಳೆಯಷ್ಟಗಲದ ಗಾಯ. ಸುತ್ತ ಚರ್ಮ ಬಿಳಿಚಿಕೊಂಡಿತ್ತು. ಅದು ಮಾಯಲು ಮೂರು ವಾರ ಹಿಡಿಯಿತು. ಅಜ್ಜ ಒಂದು ಮಾತೂ ಬೈಯಲಿಲ್ಲ. ಆ ಎರಡು ಸಂಜೆಗಳಲ್ಲೂ ಅಜ್ಜನ ಮೇಲೆ ನನಗೆ ಪ್ರೀತಿ ಎಂದಿನಷ್ಟೇ ಇತ್ತು. ಆದರೆ ಎದೆಯೊಳಗಿದ್ದ ಆ ಪ್ರೀತಿ ಅವರ ಅಂಗಾಲಿನವರೆಗೆ ತಲುಪಿರಲಿಲ್ಲ. ಅಲ್ಲಿಗೆ ಅದನ್ನು ತಲುಪಿಸುತ್ತಿದ್ದದ್ದು ದಿನನಿತ್ಯದ ಆ ಅಭ್ಯಾಸ. ಪ್ರೀತಿ ಬರೀ ಭಾವನೆಯಾಗಿದ್ದರೆ ಅದಕ್ಕೆ ಆಜ್ಞೆ ಕೊಡಲಾಗದು. ಬಗ್ಗಿ ಮಾಡುವ ಕೆಲಸವಾದ್ದರಿಂದಲೇ ಕೊಡಬಹುದು.

ಆಜ್ಞೆಯಂತೆ ನಡೆಯುವುದಕ್ಕೆ ಸತ್ಯವೇದದಲ್ಲಿ ವಿಧೇಯತೆ ಎಂಬ ಮಾತು ಬರುತ್ತದೆ. ಮನೆಯಲ್ಲಿ ಯಾರೂ ಹಾಗೆನ್ನುವುದಿಲ್ಲ. “ಮಗು ಮಾತು ಕೇಳ್ತದೆ” ಎನ್ನುತ್ತೇವೆ. ಕಿವಿಯಿಂದ ಕೇಳುವುದಕ್ಕೂ ಹೇಳಿದಂತೆ ನಡೆಯುವುದಕ್ಕೂ ಕನ್ನಡಕ್ಕೆ ಒಂದೇ ಕ್ರಿಯಾಪದ ಸಾಕು. ಹೊಸ ಒಡಂಬಡಿಕೆಯ ಮೂಲ ಗ್ರೀಕಿನಲ್ಲೂ ವಿಧೇಯತೆಯ ಪದ ಕೇಳುವುದು ಎಂಬ ಧಾತುವಿನಿಂದಲೇ ಹುಟ್ಟಿದೆ. ಹೆದರಿ ತಲೆಬಾಗುವುದಕ್ಕೂ ಇದಕ್ಕೂ ಬಹಳ ದೂರ. ಪ್ರೀತಿಸುವವರ ಮಾತಿಗೆ ನಾವು ಕಿವಿಗೊಡುತ್ತೇವೆ. ಕಿವಿಗೆ ಬಿದ್ದದ್ದು ಕೈಗೆ ಇಳಿದಾಗ ಕೇಳಿದ್ದು ಪೂರ್ತಿಯಾಗುತ್ತದೆ.

ಬ್ರದರ್ ಲಾರೆನ್ಸ್ ನನಗೆ ಹತ್ತಿರದವನಾದದ್ದು ಇದೇ ಕಾರಣಕ್ಕೆ. ಹದಿನೇಳನೆಯ ಶತಮಾನದ ಫ್ರಾನ್ಸಿನವನು. ಯುದ್ಧದಲ್ಲಿ ಗಾಯಗೊಂಡ ಸಿಪಾಯಿ. 1640ರಲ್ಲಿ ಪ್ಯಾರಿಸಿನ ಕಾರ್ಮೆಲೈಟ್ ಮಠ ಸೇರಿದ. ಅವನಿಗೆ ಸಿಕ್ಕಿದ್ದು ಅಡುಗೆಮನೆ. ಸ್ವಭಾವಕ್ಕೆ ಒಗ್ಗದ ಆ ಕೆಲಸವನ್ನು ವರ್ಷಗಟ್ಟಲೆ ಮಾಡಿದ. ಕಾಲು ಸೋತ ಮೇಲೆ ಮಠದವರ ಚಪ್ಪಲಿ ಹೊಲಿಯುವ ಕೆಲಸಕ್ಕೆ ಕೂತ. ಪ್ರಾರ್ಥನೆಯ ಗಳಿಗೆಗೂ ಪಾತ್ರೆಗಳ ಸದ್ದಿನ ಗಳಿಗೆಗೂ ತನಗೆ ಭೇದವಿಲ್ಲ ಎನ್ನುತ್ತಿದ್ದ. 1691ರಲ್ಲಿ ತೀರಿಕೊಂಡ; ಅವನ ಮಾತು, ಪತ್ರಗಳನ್ನು ಪುಸ್ತಕವಾಗಿಸಿದ್ದು ಬೇರೆಯವರು. ಕಾಲುನೋವಿನವನೊಬ್ಬ ಇತರರ ಪಾದಕ್ಕೆ ಚಪ್ಪಲಿ ಹೊಲಿಯುತ್ತ ದೇವರೊಡನೆ ಮಾತಾಡುತ್ತಿದ್ದ ಚಿತ್ರ ನನ್ನ ಮನಸ್ಸಿನಿಂದ ಮಾಸುವುದಿಲ್ಲ.

ಈಗ ಅಜ್ಜನ ಆ ಸಕ್ಕರೆ ಕಾಯಿಲೆ ನನಗೂ ಬಂದಿದೆ. ಬೆಳಗ್ಗೆ ಆರಕ್ಕೆ ನಡಿಗೆ, ತಟ್ಟೆಯಲ್ಲಿ ಅನ್ನ ಕಡಿಮೆ, ಪಲ್ಯ ಹೆಚ್ಚು, ಹೊತ್ತಿಗೆ ಸರಿಯಾಗಿ ಮಾತ್ರೆ, ರಾತ್ರಿ ಹತ್ತಕ್ಕೆ ನಿದ್ದೆ. ದೇಹ ಪವಿತ್ರಾತ್ಮನ ಆಲಯ, ಅದು ನಮ್ಮ ಸ್ವಂತದ್ದಲ್ಲ ಎಂದು ಪೌಲ ಕೊರಿಂಥದ ಸಭೆಗೆ ಬರೆದದ್ದನ್ನು ನಾನು ಮೊದಲೆಲ್ಲ ಎಚ್ಚರಿಕೆಯ ಮಾತೆಂದು ಓದುತ್ತಿದ್ದೆ. ಈಗ ಅದು ಪ್ರೀತಿಯ ಮಾತಾಗಿ ಕೇಳುತ್ತದೆ. ಈ ಕಾಲುಗಳು ಗಟ್ಟಿಯಿದ್ದರೆ ತಾನೇ ಯಾರದೋ ಆಸ್ಪತ್ರೆಯ ಹಾಸಿಗೆಯ ಪಕ್ಕ ನಾನು ನಿಲ್ಲಬಲ್ಲೆ?

ಆದರೂ ಒಂದು ವಿಷಯ ಕಷ್ಟವೇ. ಸಂಜೆ ಮಗಳು ಬೋಗುಣಿ ಹಿಡಿದು ಬಂದಾಗ “ಬೇಡ ಮಗಾ, ನಾನೇ ನೋಡಿಕೊಳ್ತೇನೆ” ಎಂಬ ಮಾತು ಬಾಯಿಗೆ ಬಂದುಬಿಡುತ್ತದೆ. ಕಡೆಯ ಊಟದ ಆ ರಾತ್ರಿ ಶಿಷ್ಯ ಪೇತ್ರನೂ ಹೀಗೇ ಬೇಡವೆಂದಿದ್ದ. ತೊಳೆಯಿಸಿಕೊಳ್ಳದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಎಂಬರ್ಥದ ಉತ್ತರ ಯೇಸುವಿನಿಂದ ಅವನಿಗೆ ಸಿಕ್ಕಿತು. ಸೇವೆ ಮಾಡುವವನಂತೆ ಮಾಡಿಸಿಕೊಳ್ಳುವವನೂ ಮಾತು ಕೇಳಬೇಕು.

ಮಗಳು ಮೊಣಕೈಯಿಂದ ನೀರು ನೋಡುತ್ತಾಳೆ. “ಅಪ್ಪ, ಈ ಕಾಲು” ಎನ್ನುತ್ತಾಳೆ. ನಾನು ಕಾಲು ಚಾಚುತ್ತೇನೆ.