ತಾಲೀಮಿನ ನಡುವೆ ಪಾಠಯೋಜನೆ

ಬೋಧನಾಭ್ಯಾಸದ ಈ ವಾರಗಳಲ್ಲಿ ಗಿರೀಶ ಕಾರ್ನಾಡರ ನಾಟಕಗಳಿಗಿಂತ ಅವರ ವೇಳಾಪಟ್ಟಿಯೇ ನನ್ನನ್ನು ಹೆಚ್ಚು ಕಾಡಿದೆ. ಧಾರವಾಡದಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದವರು. 1970ರ ‘ಸಂಸ್ಕಾರ’ದಲ್ಲಿ ಪ್ರಾಣೇಶಾಚಾರ್ಯರ ಪಾತ್ರ, ಮರುವರ್ಷ ಬಿ.ವಿ. ಕಾರಂತರ ಜೊತೆ ‘ವಂಶವೃಕ್ಷ’ದ ನಿರ್ದೇಶನ; 1974–75ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಮುಖ್ಯಸ್ಥರು; 1987–88ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರು. ‘ನಾಗಮಂಡಲ’ ಬರೆದದ್ದೂ ಅಲ್ಲಿದ್ದಾಗಲೇ. (ದೂರದರ್ಶನದ ವಿಜ್ಞಾನ ಕಾರ್ಯಕ್ರಮ ‘ಟರ್ನಿಂಗ್ ಪಾಯಿಂಟ್’ ನಡೆಸಿಕೊಟ್ಟದ್ದೂ ಅವರೇ, ಬಿಎಸ್ಸಿಯವಳಾದ ನನಗೆ ಅದೇ ಹೆಚ್ಚು ಹತ್ತಿರ.)

ಕಲಿಸುವ ಕೆಲಸ ಬಂದಾಗ ಅವರು ಊರನ್ನೇ ಬದಲಿಸಿದರು. ನನಗೆ ಆ ಅನುಕೂಲವಿಲ್ಲ. ಬೆಳಿಗ್ಗೆ ಎಂಟನೇ ತರಗತಿಗೆ ‘ಶಬ್ದ’ ಪಾಠ, ಸಂಜೆ ಹವ್ಯಾಸಿ ತಂಡದ ತಾಲೀಮು, ನಡುವೆ ಪಾಠಯೋಜನೆಗೆ ಸಹಿ.

ನಟನೆ ಬಲ್ಲವರಿಗೆ ಪಾಠ ಸುಲಭ ಎನ್ನುತ್ತಾರೆ. ಅದು ಅರ್ಧ ನಿಜ. ದನಿ ಕೊನೆಯ ಬೆಂಚಿಗೆ ಮುಟ್ಟುತ್ತದೆ, ಸರಿ. ಆದರೆ ರಂಗದ ಮೇಲಿನ ಮೌನ ಎಷ್ಟು ಹೊತ್ತೆಂಬುದು ತಾಲೀಮಿನಲ್ಲೇ ನಿಗದಿಯಾಗಿರುತ್ತದೆ. ತರಗತಿಯ ಮೌನ ಮಕ್ಕಳದು. ‘ಚಂದ್ರನ ಮೇಲೆ ಗಂಟೆ ಬಾರಿಸಿದರೆ ಏನಾಗುತ್ತದೆ?’ ಎಂದು ಕೇಳಿ ಕಾದೆ. ಇಬ್ಬರು ‘ಕೇಳಿಸಲ್ಲ’ ಎಂದರು. ಬಹಳ ಹೊತ್ತಿನ ಮೇಲೆ ಹಿಂದಿನ ಬೆಂಚಿನ ಹುಡುಗಿ, ‘ಗಂಟೆ ಹಿಡಿದ ಕೈಗೆ ಗೊತ್ತಾಗುತ್ತೆ ಮಿಸ್’ ಎಂದಳು. ಕಂಪನದ ಪಾಠ ಅಲ್ಲಿಂದ ಶುರುವಾಯಿತು. ಆ ಹೊತ್ತಿನಲ್ಲಿ ಸಂಜೆಯ ಸಂಭಾಷಣೆ ತಲೆಯಲ್ಲಿ ಓಡುತ್ತಿದ್ದರೆ ನಾನು ಅಷ್ಟು ಕಾಯುತ್ತಿರಲಿಲ್ಲ.

ಬೋಧನಾಭ್ಯಾಸ ಮುಗಿಯುವವರೆಗೆ ಪಾತ್ರ ಬೇಡ, ಭಾನುವಾರಗಳಲ್ಲಿ ಬೆಳಕಿನ ಕೆಲಸಕ್ಕೆ ಬರುತ್ತೇನೆ ಎಂದು ತಂಡಕ್ಕೆ ಹೇಳಿದ್ದೇನೆ. ನನಗಿದ್ದ ಪಾತ್ರವನ್ನು ಈಗ ಗೆಳತಿಯೊಬ್ಬಳು ಮಾಡುತ್ತಿದ್ದಾಳೆ. ಚೆನ್ನಾಗಿಯೇ ಮಾಡುತ್ತಾಳೆ, ನೋಡಲು ಸ್ವಲ್ಪ ಕಷ್ಟವಾಗುತ್ತದೆ.